ದೈವಕರೆ ಗುರುಗಳಿಗಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ದೈವಕರೆ, ಅಂದರೆ ಸೇವೆಗಾಗಿ ದೇವರು ನೀಡುವ ಕರೆ, ಚರ್ಚಿನ ಗುರುಗಳಿಗೂ ಧರ್ಮಭಗಿನಿಯರಿಗೂ ಮಾತ್ರ ಸೇರಿದ್ದೆಂದು ಮುಂಬೈಯ ಕನ್ನಡ ಕ್ರೈಸ್ತರಲ್ಲಿ ಅನೇಕರು ಇಂದಿಗೂ ನಂಬಿರುವುದು ನನಗೆ ನೋವು ತರುತ್ತದೆ. ಸಂತ ಪೌಲರು ಕೊರಿಂಥದಲ್ಲಿ ಗುಡಾರ ಕಟ್ಟುವ ಕಸುಬು ಮಾಡುತ್ತಲೇ ಶುಭಸಂದೇಶ ಸಾರಿದರು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಿಂದ 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರು, 1894ರಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿಗಾಗಿ ಪಟ್ಟ ಶ್ರಮವನ್ನೂ, ಕನ್ನಡಿಗನಾಗಿ ಕೃತಜ್ಞತೆಯಿಂದ ಹೇಳುತ್ತೇನೆ, ನಾನು ಕರೆಯೆಂದೇ ತಿಳಿಯುತ್ತೇನೆ.

ಭಾವ ತೀರಿಕೊಂಡ ಮೇಲೆ ಇನ್ನು ಯಾರಿಗಾಗಿ ಬದುಕಬೇಕೆಂದು ಮಂಕಾಗಿ ಕುಳಿತಿದ್ದ, ನಿವೃತ್ತ ನರ್ಸ್ ಆದ ನನ್ನ ಅಕ್ಕ, ಈಗ ದಿನಾ ಬೆಳಿಗ್ಗೆ ಮಲಾಡಿನ ಚಾಳೊಂದರಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಮೆಲ್ಲಗೆ ಮಗ್ಗುಲಾಗಿಸಿ, ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಾರೆ. "ದೇವರು ನನ್ನನ್ನು ಉಳಿಸಿಕೊಂಡಿದ್ದು ಇದಕ್ಕೇ" ಎನ್ನುತ್ತಾರೆ. ಭಾನುವಾರದ ಪ್ರಬೋಧನೆಗಳಲ್ಲಿ ಗುರುಗಳು ಇಂಥ ಕರೆಯ ಕುರಿತೂ ಮಾತನಾಡಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮಲಾಡ್, ಮುಂಬೈ