ನಮ್ಮ ಓಣಿಯವರಿಗೆ, ಒಂದು ಕುರ್ಚಿಯ ಸಮೇತ

ಸೋಮವಾರ ನಮ್ಮ ಮನೆಯವರು ಕೆಲಸಕ್ಕೆ ಹೋದರು. ಏಳು ತಿಂಗಳಾದ ಮೇಲೆ. ಕೈಯಲ್ಲಿ ಕೋಲಿತ್ತು, ಆದರೂ ಓಣಿಯ ಇಳಿಜಾರನ್ನು ತಾವೇ ಇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಎದುರುಮನೆ ಮಾಳಿಗೆ ಮೇಲೆ ಇಬ್ಬರು, ನಳದ ಹತ್ತಿರ ನಾಲ್ವರು, ಬೇವಿನ ಕಟ್ಟೆ ಮೇಲೆ ಮೂವರು ಸುಮ್ನೆ ನೋಡುತ್ತಿದ್ದರು. ಅವರು ತಿರುವು ದಾಟಿ ಮರೆಯಾದ ಮೇಲೆ ಪಕ್ಕದ ಮನೆ ಆಪಾ, "ಆಯ್ತಲ್ಲ, ಇನ್ನು ಹೋಗಿ ಮಿಷಿನ್ ಮೇಲೆ ಕೂತ್ಕೋ" ಅಂದರು. ಅಷ್ಟೇ.

ಎದುರಿಗೆ ಥ್ಯಾಂಕ್ಸ್ ಹೇಳಲು ಹೋದರೆ ನಮ್ಮ ಓಣಿಯಲ್ಲಿ ಯಾರೂ ಹೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮದು ರಾಯದುರ್ಗ. ಅನಂತಪುರ ಜಿಲ್ಲೆ, ಆಂಧ್ರ. ಕೋಟೆ ಇರುವ ಕಲ್ಲುಬೆಟ್ಟದ ಬುಡಕ್ಕೆ ಊರು ಆತುಕೊಂಡಿದೆ. ನಮ್ಮ ಮಾವ ಹುಟ್ಟಿದಾಗ ಇದು ಮದ್ರಾಸಿನ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. "ಊರು ಈ ಕಡೆ ಬಂತು, ದೊಡ್ಡಾಸ್ಪತ್ರೆ ಆ ಕಡೆ ಉಳೀತು" ಅಂತ ಮಾವ ಈಗಲೂ ಗೊಣಗುತ್ತಾರೆ. ಕಾಲು ಮುರಿದರೆ ನಾವು ಓಡುವುದು ಬಳ್ಳಾರಿಗೇ.

ಓಡಿದೆವು. ದೀಪಾವಳಿ ಮುಗಿದ ವಾರ, ಕಣೇಕಲ್ಲು ಕಡೆಯಿಂದ ಬರುವಾಗ ಜಲ್ಲಿ ಮೇಲೆ ಗಾಡಿ ಜಾರಿ ಅವರ ತೊಡೆ ಮೂಳೆ ಮುರಿಯಿತು. ರಾಡು ಹಾಕಿದರು. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಬಿಡಬಾರದು ಅಂದರು. ಡಾಕ್ಟರ್ ಹೇಳಿದ್ದು ಸರಿ. ಆದರೆ ಅವರು ನಮ್ಮ ಓಣಿ ನೋಡಿಲ್ಲ.

ನಮ್ಮ ಓಣಿಗೆ ಆಟೋ ಹತ್ತುವುದಿಲ್ಲ. ಕೆಳಗಿನ ಕಟ್ಟೆ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಬಂಡೆಗೆ ಮೆಟ್ಟಿಲು ಮಾಡಿದ ದಾರಿ. ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ, ನೀರು ಸೊಂಟದ ಮೇಲೆ. ಮೊಳಕಾಲ್ಮೂರಿನಿಂದ ಮದುವೆಯಾಗಿ ಬಂದ ದಿನದಿಂದ ಈ ಓಣಿಯನ್ನು ಬೈದುಕೊಂಡೇ ಇದ್ದೆ. ನಮ್ಮ ಮನೆಯಲ್ಲಿ ಕೆಮ್ಮಿದರೆ ಎದುರುಮನೆಯಲ್ಲಿ ಕಷಾಯಕ್ಕೆ ಇಡುತ್ತಾರೆ, ಅಷ್ಟು ಹತ್ತಿರ. ಬಳ್ಳಾರಿಯಲ್ಲಿ ಗೇಟಿರುವ ಒಂದು ಮನೆ ಮಾಡೋಣ ಅಂತ ಮನೆಯವರ ತಲೆ ತಿಂದಿದ್ದೇನೆ.

ಆಸ್ಪತ್ರೆಯಿಂದ ಕರೆದುಕೊಂಡು ಬಂದ ಸಂಜೆ, ಕೆಳಗಿನ ಕಟ್ಟೆ ಹತ್ತಿರ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಕಾಯುತ್ತಿತ್ತು. ನಾಲ್ಕು ಹುಡುಗರೂ ಇದ್ದರು. ನಾನು ಯಾರಿಗೂ ಫೋನ್ ಮಾಡಿರಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಅಡ್ಡ ಒಂದು ಹಲಗೆ ಕೊಟ್ಟು, ಜಾತ್ರೆಯ ದೇವರ ಹಾಗೆ ಎತ್ತಿಕೊಂಡು ಬಂದರು. ಆಮೇಲೆ ತೋರಿಸಲು ಹೋದಾಗೆಲ್ಲ ಹೀಗೇ ಇಳಿಸಿ, ಹೀಗೇ ಹತ್ತಿಸಿದರು. ಒಟ್ಟು ಹನ್ನೊಂದು ಸಲ. ನಡೆಯುವಂತಾದರೆ ದಶಭುಜ ಗಣಪತಿ ಗುಡಿಗೆ ನಡೆದೇ ಬರುತ್ತೇನೆ ಅಂತ ಇವರು ಹರಕೆ ಹೊತ್ತಿದ್ದರು. ಮಾವ ಅದಕ್ಕೂ ಬಿಡಲಿಲ್ಲ. "ಹತ್ತು ಕೈ ಇಟ್ಕೊಂಡು ಸುಮ್ನೆ ಕೂತಿದಾನೆ, ಪಾಪ ಹುಡುಗರ ಸೊಂಟ ಬಿದ್ದೋಯ್ತು" ಅಂದರು.

ಆ ಹೊತ್ತಿಗೆ ಮನೆಯಲ್ಲಿ 120 ಪೀಸ್ ಜೀನ್ಸ್ ಅರ್ಧಕ್ಕೆ ನಿಂತಿತ್ತು. ನಮ್ಮೂರಲ್ಲಿ ಮನೆಮನೆಯಲ್ಲೂ ಜೀನ್ಸ್ ಹೊಲಿಯುತ್ತಾರೆ, ಗೊತ್ತಲ್ವಾ. ಇವರು ಕಟಿಂಗ್ ಮಾಸ್ಟರ್, ನಾನು ಮನೆಯಲ್ಲೇ ಪೀಸ್ ಲೆಕ್ಕಕ್ಕೆ ಹೊಲಿಯುತ್ತೇನೆ. ಶನಿವಾರ ಮಾಲು ಕೊಡಬೇಕಿತ್ತು. ನಾನು ಬಳ್ಳಾರಿಯ ವಾರ್ಡಿನಲ್ಲಿ ಕೂತಿದ್ದಾಗ ಓಣಿಯ ಹೆಂಗಸರು ಕಟ್ಟುಗಳನ್ನು ಹಂಚಿಕೊಂಡು ಒಯ್ದಿದ್ದರು. ಒಬ್ಬರು ಜೇಬು, ಒಬ್ಬರು ಜಿಪ್ಪು, ಒಬ್ಬರು ಬೆಲ್ಟು. ಶನಿವಾರ ಮಾಲು ಹೋಯಿತು. ಹದಿನಾಲ್ಕು ಪ್ಯಾಂಟಿಗೆ ಹಳದಿ ದಾರದ ಬದಲು ಕೆಂಪು ದಾರ ಓಡಿಸಿದ್ದರು, ಅದನ್ನು ನಾನು ಬಂದು ಬಿಚ್ಚಿದೆ. ಯಾರ ಕೆಲಸ ಅಂತ ಗೊತ್ತು, ಹೇಳುವುದಿಲ್ಲ.

ನೀರಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಳ ಬಂದ ದಿನ ನಮ್ಮ ಡ್ರಮ್ಮು ತುಂಬಿರುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ಕಷ್ಟವಾಯಿತು. ಹಗಲೆಲ್ಲ ಕಾದ ಬಂಡೆ ನಮ್ಮ ಓಣಿಯಲ್ಲಿ ರಾತ್ರಿಯಿಡೀ ಉಸಿರು ಬಿಡುತ್ತದೆ. ಎಲ್ಲರೂ ಮಾಳಿಗೆ ಮೇಲೆ ಮಲಗುತ್ತಾರೆ, ಇವರಿಗೆ ಏಣಿ ಹತ್ತುವ ಹಾಗಿಲ್ಲ. ಆಪಾ ಮನೆಯ ಕೂಲರ್ ಬಂತು. ಅದರ ಸದ್ದಿಗೆ ಮೊದಲ ವಾರ ಯಾರಿಗೂ ನಿದ್ದೆ ಬರಲಿಲ್ಲ.

ಸಲಹೆಗಳೂ ಬಂದವು. ಮೂಳೆಗೆ ನಾಟಿವೈದ್ಯರ ಪುತ್ತೂರು ಕಟ್ಟು ಕಟ್ಟಿಸಿ ಅಂತ ದಿನಕ್ಕೊಬ್ಬರು. ಒಳಗೆ ರಾಡು ಇದೆ ಅಂದರೂ ಕೇಳುತ್ತಿರಲಿಲ್ಲ. ಅವರಿಗೂ ಥ್ಯಾಂಕ್ಸ್, ಸ್ವಲ್ಪ ಕಡಿಮೆ. ಇನ್ನು ಕಾಗದಪತ್ರದ ಕೆಲಸ. ತೆಲುಗು ಅಕ್ಷರ ನಮ್ಮ ಅಕ್ಷರದ ತಮ್ಮನಿದ್ದ ಹಾಗೆ, ತಲಕಟ್ಟು ಬೇರೆ ಅಷ್ಟೇ. ಕೂಡಿಸಿಕೊಂಡು ಓದುತ್ತೇನೆ, ಬರೆಯಲು ಬರುವುದಿಲ್ಲ. ಎದುರುಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಎಲ್ಲ ಅರ್ಜಿಗಳನ್ನೂ ತುಂಬಿದಳು. ಪ್ರತಿ ಅರ್ಜಿಗೆ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂತ ಒಪ್ಪಂದ. ಅವಳು ಅದನ್ನು ಉಗ್ಗಾಣಿ ಅನ್ನುತ್ತಾಳೆ. ತಿನ್ನುವಾಗ ಇಬ್ಬರಿಗೂ ಜಗಳವಿಲ್ಲ.

ಒಂದು ವಿಷಯ ಮಾತ್ರ ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ನಾವು ಹನ್ನೆರಡು ಜನ ಚೀಟಿ ಹಾಕುತ್ತೇವೆ. ಆಪರೇಷನ್ನಿನ ತಿಂಗಳು ಚೀಟಿ ಮೂಲೆಮನೆ ಅಕ್ಕನದು. ಅದನ್ನು ನನಗೆ ಬಿಟ್ಟುಕೊಟ್ಟರು. "ನನಗೆ ಈಗ ಅಂಥ ಅರ್ಜೆಂಟ್ ಏನೂ ಇಲ್ಲ" ಅಂದರು. ನಾನು ನಂಬಿದೆ. ಆ ದುಡ್ಡನ್ನು ಅವರು ಮಗಳ ಸೀಮಂತಕ್ಕೆ ಅಂತ ಇಟ್ಟುಕೊಂಡಿದ್ದರಂತೆ. ಸೀಮಂತವನ್ನು ಮನೆಯ ಮಟ್ಟಿಗೆ ಮುಗಿಸಿದರು, ನಮ್ಮ ಓಣಿಯವರನ್ನೂ ಕರೆಯಲಿಲ್ಲ. ಕರೆದರೆ ನನಗೆ ಗೊತ್ತಾಗುತ್ತದಲ್ಲ. ಮಗು ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ ಯಾರೋ ಬಾಯಿ ಜಾರಿ ಹೇಳಿಬಿಟ್ಟರು. ಆ ಹೊತ್ತು ಮಗು ನನ್ನ ತೊಡೆ ಮೇಲೇ ಇತ್ತು. ಅಕ್ಕನ ಮುಖ ನೋಡಲು ನನ್ನಿಂದ ಆಗಲಿಲ್ಲ. ಅವರು ಬಂದು "ಕೊಡು, ಒದ್ದೆ ಮಾಡ್ಕೊಂಡಿರಬೇಕು" ಅಂತ ಮಗುವನ್ನು ಎತ್ತಿಕೊಂಡು ಹೋದರು.

ನಾನು ಪೀಸ್ ಲೆಕ್ಕ ಬರೆಯುವವಳು. ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಇದೆಲ್ಲವನ್ನೂ ಬರೆದಿಟ್ಟಿದ್ದೆ, ಯಾರು ಏನು ಕೊಟ್ಟರು, ಎಷ್ಟು ಕೊಟ್ಟರು ಅಂತ. ಹೋದ ತಿಂಗಳು ಒಬ್ಬೊಬ್ಬರಿಗೇ ತೋರಿಸಲು ಹೋದೆ. ಎದುರುಮನೆಯವರು ಓದಿ, "ನಾ ಪೇರು ಕೊಟ್ಟೇಯ್ ವದಿನಾ" ಅಂದರು. ನನ್ನ ಹೆಸರು ಹೊಡೆದುಹಾಕು ಅಂತ. ಹೊಡೆಯುವುದಿಲ್ಲ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅದಕ್ಕೇ ಇಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ಇವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳದೆ ಕಾದ ಮಾಲೀಕರ ಹೆಸರೂ ಇಲ್ಲ. ಪುಸ್ತಕದಲ್ಲಿ ಮಾತ್ರ ಎಲ್ಲ ಇದೆ.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಬರಬೇಕು. ಹೋಳಿಗೆ ಮಾಡುತ್ತಿದ್ದೇನೆ. ಮನೆಯಲ್ಲಿ ಜಾಗ ಸಾಲುವುದಿಲ್ಲ, ಬೇವಿನ ಕಟ್ಟೆ ಮೇಲೇ ಪಂಕ್ತಿ. ತಟ್ಟೆ ನೀವೇ ತರಬೇಕು.

ಬರುವಾಗ ಆ ನೀಲಿ ಕುರ್ಚಿ ಯಾರದು ಅಂತಲೂ ಹೇಳಿ. ಏಳು ತಿಂಗಳಿಂದ ಕೇಳುತ್ತಿದ್ದೇನೆ, ನಮ್ಮದಲ್ಲ ನಮ್ಮದಲ್ಲ ಅಂತಾರೆ ಎಲ್ಲರೂ. ಒಂದು ಕೈ ಸ್ವಲ್ಪ ಸೀಳಿದೆ. ತೊಳೆದು ಇಟ್ಟಿದ್ದೇನೆ.