ಕ್ಲಬ್ಬು ಮುಗಿಯಿತೇ ಎಂದು ಕೇಳಿದ ಮಗಳಿಗೆ

ಬಳ್ಳಾರಿ
ಆಗಸ್ಟ್ 2025

ಪ್ರೀತಿಯ ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. “ಸಂಬಳವನ್ನೇ ನಿಲ್ಲಿಸಿದ್ದಾರಂತೆ, ಚೆಟ್ರಿಗೆ ನಲವತ್ತೊಂದು ತುಂಬಿತು, ಇನ್ನು ನಮ್ಮ ಬೆಂಗಳೂರು ಎಫ್‌ಸಿ ಮುಗಿದ ಹಾಗೆಯೇ ಅಲ್ಲವೇನವ್ವಾ?” ಎಂದೆ. ಒಲೆಯ ಮುಂದೆ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಹಾಸ್ಟೆಲ್ ಸೇರಿದ ಮೊದಲ ವರ್ಷವೇ ಗೆಳತಿಯರನ್ನು ಕಟ್ಟಿಕೊಂಡು ಪಂದ್ಯ ನೋಡಲು ಕಂಠೀರವ ಕ್ರೀಡಾಂಗಣಕ್ಕೆ ಹೋಗಬೇಕೆಂದು ನೀನು ಎಷ್ಟು ಆಸೆ ಇಟ್ಟುಕೊಂಡಿದ್ದೆ ಎಂಬುದು ನನಗೆ ಗೊತ್ತು. ಅದಕ್ಕೇ ಶಾಲೆಯ ಉತ್ತರ ಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಬರೆಯಲು ಕುಳಿತಿದ್ದೇನೆ.

ಈಗ ಆಗಿರುವುದು ಇಷ್ಟು. ಫುಟ್‌ಬಾಲ್ ಫೆಡರೇಷನ್ನಿಗೂ ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್ ನಡೆಸುವ ಕಂಪನಿಗೂ ಇರುವ ಒಪ್ಪಂದ ಬರುವ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದೆ, ಹೊಸ ಒಪ್ಪಂದ ಆಗಿಲ್ಲ, ಹಾಗಾಗಿ ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಲೀಗ್ ಇಲ್ಲದ ಮೇಲೆ ನಮ್ಮ ಕ್ಲಬ್ಬು ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಈ ತಿಂಗಳ ಮೊದಲ ವಾರ ಪ್ರಕಟಿಸಿತು. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಹೆಸರು ಮಾಡಿದ ಆಟಗಾರರು ಹೇಗೋ ನಾಲ್ಕು ತಿಂಗಳು ತಳ್ಳಬಹುದು. ಆಟಗಾರರ ಕಾಲು ತಿಕ್ಕುವವರು, ಜೆರ್ಸಿ ಬೂಟುಗಳ ಪೆಟ್ಟಿಗೆ ಹೊತ್ತು ಊರೂರು ತಿರುಗುವವರು, ಆಗಷ್ಟೇ ಮೊದಲ ತಂಡಕ್ಕೆ ಬಂದು ಮನೆಗೆ ಹಣ ಕಳಿಸತೊಡಗಿದ ಹುಡುಗರು, ಇವರ ತಿಂಗಳ ಖರ್ಚು ಕೋರ್ಟಿನ ದಿನಾಂಕಕ್ಕೆ ಕಾಯುತ್ತದೆಯೇ?

ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತಿತ್ತು. ಕಿರಿಯರ ತಂಡಗಳು, ಹುಡುಗರದ್ದೂ ಹುಡುಗಿಯರದ್ದೂ, ಎಂದಿನಂತೆ ನಡೆಯುತ್ತವೆ ಎಂದಿದ್ದರು. ನೀನು ಅದನ್ನು ಓದಿದಂತೆ ಕಾಣಲಿಲ್ಲ. ನನ್ನ ಉತ್ತರ ಇರುವುದು ಅಲ್ಲೇ. ಅಲ್ಲಿಗೆ ಬರುತ್ತೇನೆ, ಅದಕ್ಕೆ ಮೊದಲು ಕೆಲವರ ಬಗ್ಗೆ ನಿನಗೆ ಹೇಳಬೇಕು.

ನಿನಗೆ ಈ ಕ್ಲಬ್ಬು ಎಂದರೆ ಸುನಿಲ್ ಚೆಟ್ರಿ. ತಪ್ಪೇನಿಲ್ಲ. 2013ರಲ್ಲಿ ಕ್ಲಬ್ಬು ಹುಟ್ಟಿದಾಗಿನಿಂದ ಆತನೇ ಅದರ ಮುಖ. ಕಳೆದ ಋತುವಿನಲ್ಲಿ ನಲವತ್ತರ ವಯಸ್ಸಿನಲ್ಲಿ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದ ಮನುಷ್ಯ. ಏಪ್ರಿಲ್‌ನಲ್ಲಿ ಗೋವಾ ವಿರುದ್ಧದ ಸೆಮಿಫೈನಲ್ ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ ಎಂದು ನಾವಿಬ್ಬರೂ ಉಸಿರು ಬಿಗಿಹಿಡಿದು ಕುಳಿತಿದ್ದಾಗ, ಬದಲಿ ಆಟಗಾರನಾಗಿ ಇಳಿದು ಕೊನೆಯ ಗಳಿಗೆಯಲ್ಲಿ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದನಲ್ಲ, ಆಗ ನೀನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದಿದ್ದರು. ಅಂಥವನ ಮೇಲೆ ಪ್ರೀತಿ ಇಡುವುದು ಸುಲಭ. ಆದರೆ ಕ್ಲಬ್ಬು ಆತನೊಬ್ಬನಿಂದ ನಿಂತಿರಲಿಲ್ಲ. ಹೆಸರು ಮರೆತುಹೋಗುತ್ತಿರುವ ಕೆಲವರು ಅದರ ಬುನಾದಿಯಲ್ಲಿದ್ದಾರೆ.

ಅವರಲ್ಲಿ ನನಗೆ ಮೊದಲಿಗ ಜಾನ್ ಜಾನ್ಸನ್. ಇಂಗ್ಲೆಂಡಿನ ಮಿಡಲ್ಸ್‌ಬರೊದಿಂದ ಬಂದ ಡಿಫೆಂಡರ್. ಮೊದಲ ವರ್ಷದಿಂದ 2018ರವರೆಗೆ ನಮ್ಮಲ್ಲೇ ಆಡಿದ. ಮೊದಲ ಋತುವಿನಲ್ಲೇ, 2014ರ ಏಪ್ರಿಲ್‌ನಲ್ಲಿ, ಗೋವಾದ ಡೆಂಪೊ ತಂಡವನ್ನು ಅದರ ನೆಲದಲ್ಲೇ 4–2ರಿಂದ ಸೋಲಿಸಿ ನಾವು ಆಗ ದೇಶದ ಪ್ರಮುಖ ಲೀಗ್ ಆಗಿದ್ದ ಐ-ಲೀಗ್ ಗೆದ್ದೆವು. ಆಗಷ್ಟೇ ಕಟ್ಟಿದ ಕ್ಲಬ್ಬು ದೇಶದ ಚಾಂಪಿಯನ್ ಆಗುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಕಟ್ಟಿದ ಆ ತಂಡದಲ್ಲಿ ಜಾನ್ಸನ್ ಜೊತೆಗೆ ಕೀನ್ಯಾದ ಕರ್ಟಿಸ್ ಒಸಾನೊ ಇದ್ದ, ಮುಂದೆ ಚೆಟ್ರಿಯ ಜೊತೆ ಶಾನ್ ರೂನಿ ಇದ್ದ. ಇವತ್ತು ಒಸಾನೊ ಹೆಸರು ಹೇಳಿದರೆ ಯಾರಿಗೆ ನೆನಪಿದೆ?

ಜಾನ್ಸನ್‌ನನ್ನು ನೀನೂ ಕಣ್ಣಾರೆ ನೋಡಿದ್ದೀ. 2015ರ ಮೇ 31. ನೀನು ಎರಡನೇ ತರಗತಿ ಮುಗಿಸಿದ್ದೆ, ಬೇಸಿಗೆ ರಜೆಗೆ ನಿನ್ನ ಸೋದರಮಾವನ ಮನೆಗೆ ಹೋಗಿದ್ದೆವು. ಕಂಠೀರವದಲ್ಲಿ ಐ-ಲೀಗ್‌ನ ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಾಗನ್. ಡ್ರಾ ಆದರೂ ಅವರಿಗೆ ಪ್ರಶಸ್ತಿ, ನಮಗೆ ಗೆಲುವೇ ಬೇಕಿತ್ತು. ಮಳೆ ಹಿಡಿದುಕೊಂಡಿತು. ಮಾವ ತನ್ನ ಜಾಕೆಟ್ ಬಿಚ್ಚಿ ನಿನ್ನ ತಲೆಯ ಮೇಲೆ ಹೊದಿಸಿದ, ನೀನು ಅದರ ತೋಳಿನ ಸಂದಿಯಿಂದ ಇಣುಕಿ ನೋಡುತ್ತಿದ್ದೆ. ವಿರಾಮಕ್ಕೆ ಸ್ವಲ್ಪ ಮುಂಚೆ ಜಾನ್ಸನ್ ಗೋಲು ಹೊಡೆದ. ವೆಸ್ಟ್ ಬ್ಲಾಕ್‌ನಲ್ಲಿ ನಿಂತ ಅಭಿಮಾನಿಗಳ ಡೋಲಿನ ಸದ್ದಿಗೆ ಎದೆ ನಡುಗುತ್ತಿತ್ತು. ಆಮೇಲಿನ ಅಷ್ಟೂ ಹೊತ್ತು ಅವನು ಚೆಂಡನ್ನು ತಡೆದು ತಡೆದು ಆಚೆಗೆ ಅಟ್ಟುತ್ತಲೇ ಇದ್ದ, ಅಂಗಿ ಮೈಗೆ ಅಂಟಿಹೋಗಿತ್ತು. 87ನೇ ನಿಮಿಷದಲ್ಲಿ ಒಂದು ಕಾರ್ನರ್, ಬೆಲ್ಲೊ ರಜಾಕ್‌ನ ತಲೆ, ಚೆಂಡು ನಮ್ಮ ಬಲೆಯಲ್ಲಿ. 1–1. ಮೂರು ನಿಮಿಷ ಉಳಿದಿರುವಾಗ ಪ್ರಶಸ್ತಿ ಕೈಜಾರಿತು. ನೀನು ಅಳಲಿಲ್ಲ. “ಮತ್ತೆ ಯಾವಾಗ ಆಡುತ್ತಾರೆ?” ಎಂದು ಮಾವನನ್ನು ಕೇಳಿದೆ. ಆ ವರ್ಷ ಜನವರಿಯಲ್ಲಿ ಗೆದ್ದ ಫೆಡರೇಷನ್ ಕಪ್‌ಗಿಂತ ಪ್ರಶಸ್ತಿ ಕೈಜಾರಿದ ಆ ಸಂಜೆಯೇ ನನಗೆ ಈ ತಂಡವನ್ನು ಗಟ್ಟಿಯಾಗಿ ಕಟ್ಟಿಹಾಕಿತು. ಮರುವರ್ಷ ಐ-ಲೀಗ್ ಮರಳಿ ನಮ್ಮದಾಯಿತು.

ಇನ್ನೊಬ್ಬ ಶಿಲ್ಲಾಂಗ್‌ನ ಯುಜೆನ್ಸನ್ ಲಿಂಗ್ಡೊ. 2015ರಲ್ಲಿ ದೇಶದ ವರ್ಷದ ಆಟಗಾರ ಎನಿಸಿಕೊಂಡವನು, ಆದರೂ ಅವನ ಹೆಸರಿನ ಜೆರ್ಸಿ ತೊಟ್ಟವರನ್ನು ನಾನು ಕಂಡದ್ದು ಬಹಳ ಕಡಿಮೆ. 2016ರ ಅಕ್ಟೋಬರ್ 19ರ ರಾತ್ರಿಯನ್ನು ನೆನಪಿಸಿಕೋ. ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್‌ನ ಸೆಮಿಫೈನಲ್, ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೋರ್. ಮೊದಲ ಗೋಲು ಅವರದ್ದೇ. ಲಿಂಗ್ಡೊ ಕಾರ್ನರ್‌ನಿಂದ ಎತ್ತಿಕೊಟ್ಟ ಚೆಂಡಿಗೆ ಚೆಟ್ರಿ ತಲೆ ಕೊಟ್ಟು ಸಮ ಮಾಡಿದ. ಆಮೇಲೆ ಚೆಟ್ರಿ ದೂರದಿಂದ ಬೀಸಿ ಹೊಡೆದ ಇನ್ನೊಂದು ಗೋಲನ್ನು ಎಲ್ಲರೂ ಇವತ್ತಿಗೂ ಹಾಕಿ ನೋಡುತ್ತಾರೆ. ಮೂರನೆಯದು ಹುವಾನನ್‌ನದ್ದು. 3–1. ಭಾರತದ ಒಂದು ಕ್ಲಬ್ಬು ಆ ಕಪ್ಪಿನ ಫೈನಲ್ ತಲುಪಿದ್ದು ಅದೇ ಮೊದಲು. ಚೆಟ್ರಿಯ ಗೋಲುಗಳನ್ನು ನೋಡುವಾಗ ಒಂದು ಸಲ ಚೆಂಡು ಎಲ್ಲಿಂದ ಬಂತು ಎಂದು ಹಿಂದಕ್ಕೆ ಸರಿಸಿ ನೋಡು. ಬಹಳ ಸಲ ಅಲ್ಲೊಬ್ಬ ಲಿಂಗ್ಡೊ, ಅಲ್ಲೊಬ್ಬ ಉದಾಂತ ಸಿಗುತ್ತಾರೆ.

ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 1–0ರಿಂದ ಸೋತೆವು. ನಮ್ಮ ಮೊದಲ ಗೋಲ್‌ಕೀಪರ್ ಅಮರಿಂದರ್ ಅಮಾನತಿನಿಂದಾಗಿ ಆಡುವಂತಿರಲಿಲ್ಲ, ಅಷ್ಟು ದೊಡ್ಡ ಪಂದ್ಯದಲ್ಲಿ ಮಿಜೋರಾಂನ ರಾಲ್ಟೆ ನಿಲ್ಲಬೇಕಾಯಿತು. ಅವನು ಆ ದಿನ ಹೊತ್ತ ಭಾರದ ಬಗ್ಗೆ ಯಾರೂ ಹೆಚ್ಚು ಮಾತಾಡಿದ್ದು ನಾನು ಕೇಳಿಲ್ಲ.

ನನ್ನನ್ನು ಕೇಳಿದರೆ ನಮ್ಮ ಅತ್ಯುತ್ತಮ ತಂಡ ಐಎಸ್‌ಎಲ್ ಕಪ್ ಎತ್ತಿದ ತಂಡವಲ್ಲ. 2017–18ರದ್ದು. ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷವೇ ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದಿದ್ದೆವು. ಮಧ್ಯದಲ್ಲಿ ಆಸ್ಟ್ರೇಲಿಯಾದ ಎರಿಕ್ ಪಾರ್ತಾಲು, ಅವನ ಪಕ್ಕ ಸ್ಪೇನಿನ ಡಿಮಾಸ್ ಡೆಲ್ಗಾಡೊ, ಮುಂದೆ ವೆನೆಜುವೆಲಾದ ಮಿಕು. ಡಿಮಾಸ್ ಓಡುವುದನ್ನು ನೋಡಿದವರಿಗೆ ಅವನು ನಿಧಾನ ಎನಿಸುತ್ತಿತ್ತು, ಆದರೆ ಚೆಂಡು ಅವನ ಕಾಲಿಗೆ ಬರುವಷ್ಟರಲ್ಲಿ ಅದು ಮುಂದೆ ಎಲ್ಲಿಗೆ ಹೋಗಬೇಕೆಂಬುದು ಅವನ ತಲೆಯಲ್ಲಿ ತೀರ್ಮಾನವಾಗಿರುತ್ತಿತ್ತು. ಅದೇ ಚೆನ್ನೈಯಿನ್ ವಿರುದ್ಧ ಫೈನಲ್, ನಮ್ಮ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಚೆಟ್ರಿಯ ಗೋಲು. ಆಮೇಲೆ ಎರಡು ಕಾರ್ನರ್, ಎರಡೂ ಸಲ ಅವರ ಮೈಲ್ಸನ್ ಆಲ್ವೆಸ್‌ನ ತಲೆ. 3–2ರಿಂದ ಸೋತೆವು. ಆ ರಾತ್ರಿ ನೀನು ಊಟ ಮಾಡದೆ ಮಲಗಿದೆ. ಅದೇ ವರ್ಷ ಜಾನ್ಸನ್ ಕ್ಲಬ್ಬು ಬಿಟ್ಟ. ನನಗೆ ಎರಡೂ ಒಟ್ಟಿಗೆ ನೋವು ಕೊಟ್ಟವು.

ಮರುವರ್ಷ ಮುಂಬೈಯಲ್ಲಿ ಗೋವಾ ವಿರುದ್ಧ ಐಎಸ್‌ಎಲ್ ಫೈನಲ್ ಗೆದ್ದ ಕಥೆ ನಿನಗೆ ಬಾಯಿಪಾಠ: ಹೆಚ್ಚುವರಿ ಸಮಯ, ಡಿಮಾಸ್‌ನ ಕಾರ್ನರ್, ರಾಹುಲ್ ಭೆಕೆಯ ತಲೆ. ಆ ಭೆಕೆ ಆಮೇಲೆ ಮುಂಬೈ ಸಿಟಿ ತಂಡಕ್ಕೆ ಹೋಗಿ, 2024ರಲ್ಲಿ ನಮ್ಮಲ್ಲಿಗೇ ಮರಳಿದ. ಹೋದವರೆಲ್ಲ ಹೋಗಿಯೇ ಬಿಡುವುದಿಲ್ಲ.

2023ರ ಮಾರ್ಚ್‌ನಲ್ಲಿ ಕೇರಳದ ವಿರುದ್ಧ ಚೆಟ್ರಿ ಹೊಡೆದ ಆ ದಿಢೀರ್ ಫ್ರೀ ಕಿಕ್ ಬಗ್ಗೆ ನಮ್ಮಿಬ್ಬರಿಗೂ ಜಗಳವಾಗಿತ್ತು. ರೆಫರಿ ಗೋಲು ಎಂದರು, ಎದುರಾಳಿಗಳು ಮೈದಾನ ಬಿಟ್ಟು ಹೊರಟರು, ನಾವು ಮುಂದೆ ಹೋದೆವು. ನಿಯಮದ ಪ್ರಕಾರ ಸರಿ ಎಂದು ನೀನು ವಾದಿಸಿದೆ. ಇರಲಿ. ಪೂರ್ತಿ ಆಡಿ ಗೆಲ್ಲುವ ಸಂತೋಷ ಅದರಲ್ಲಿ ಇರಲಿಲ್ಲ ಎಂಬ ನನ್ನ ಮಾತು ಈಗಲೂ ಅದೇ. ಆ ಸಲದ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು. ಮುಂದಿನ ವರ್ಷ ಹತ್ತನೇ ಸ್ಥಾನ. ಈ ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲಿ ಮುನ್ನಡೆ ಪಡೆದೂ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗನ್‌ಗೆ 2–1ರ ಸೋಲು. ಹತ್ತನೇ ಸ್ಥಾನದಿಂದ ಒಂದೇ ವರ್ಷದಲ್ಲಿ ಫೈನಲ್‌ಗೆ ಬಂದ ತಂಡ ಇದು, ಅದನ್ನೂ ಲೆಕ್ಕಕ್ಕೆ ಹಿಡಿ.

ಇನ್ನು ನಮ್ಮ ಜಿಲ್ಲೆಯ ಮಾತು. “ಬಳ್ಳಾರಿಯಲ್ಲಿ ಕುಳಿತು ಬೆಂಗಳೂರಿನ ತಂಡವನ್ನು ಯಾಕೆ ನಿಮ್ಮದು ಅನ್ನುತ್ತೀರಿ, ಮೇಡಂ?” ಎಂದು ಶಾಲೆಯಲ್ಲಿ ಸಹೋದ್ಯೋಗಿಗಳು ಕೇಳುತ್ತಾರೆ. ಈ ಕ್ಲಬ್ಬಿನ ಒಡೆತನ ಉಕ್ಕು ತಯಾರಿಸುವ ಜೆಎಸ್‌ಡಬ್ಲ್ಯು ಕಂಪನಿಯದ್ದು. ಆ ಉಕ್ಕಿನ ಕಾರ್ಖಾನೆಯ ಚಿಮಣಿಗಳು ನಾನು ದಿನಾ ಬಸ್ಸಿನಲ್ಲಿ ಹೋಗುವ ತೋರಣಗಲ್ಲಿನಲ್ಲೇ ಇವೆ. ಅದರ ಪಕ್ಕದ ವಿದ್ಯಾನಗರದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲೇ ಕ್ಲಬ್ಬಿನ ವಸತಿ ಅಕಾಡೆಮಿ ಇದೆ. ಸಂಡೂರಿನ ಅದಿರಿನ ಕೆಂಪು ಧೂಳು ಕುಡಿದು ಬದುಕಿದ ಊರುಗಳು ನಮ್ಮವು. ಆ ಅದಿರಿನ ದುಡಿಮೆಯ ಒಂದು ಪಾಲು ಒಂದು ಹಸಿರು ಮೈದಾನವಾಗಿ ನಮ್ಮಲ್ಲೇ ಉಳಿದಿದೆ ಎಂದರೆ ಅದರ ಮೇಲೆ ನಮಗೆ ಹಕ್ಕಿದೆ. ನಾನು ಅವರಿಗೆ ಕೊಡುವ ಉತ್ತರ ಇದೇ.

ಕಳೆದ ಚಳಿಗಾಲದಲ್ಲಿ ಎಂಟನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹದಿನಾಲ್ಕೋ ಹದಿನೈದೋ ವಯಸ್ಸಿನ ಗೋಲ್‌ಕೀಪರ್ ಹುಡುಗನೊಬ್ಬ ಅಭ್ಯಾಸ ಮಾಡುತ್ತಿದ್ದ. ತರಬೇತುದಾರರು ಚೆಂಡನ್ನು ಅವನ ಎಡಗಡೆಗೆ ಮಾತ್ರ, ನೆಲಕ್ಕೆ ತಾಗುವಂತೆ ಹೊಡೆಯುತ್ತಿದ್ದರು. ಬೀಳುವುದು, ಹಿಡಿಯುವುದು, ಮೊಣಕಾಲಿನ ಮೇಲೆ ಏಳುವುದು, ಮತ್ತೆ ಬೀಳುವುದು. ಒಂದು ಚೆಂಡು ಕೈತಪ್ಪಿದಾಗ ತರಬೇತುದಾರರು ಹತ್ತಿರ ಹೋಗಿ ಅವನ ಎಡ ಪಾದವನ್ನು ಒಂದು ಗೇಣಿನಷ್ಟು ಹೊರಕ್ಕೆ ತಿರುಗಿಸಿ ನಿಲ್ಲಿಸಿದರು, ಅಷ್ಟೇ. ಮುಂದಿನದನ್ನು ಅವನು ಹಿಡಿದ. ನಮ್ಮ ಮಕ್ಕಳು ಚಪ್ಪಾಳೆ ಹೊಡೆದರೂ ಅವನು ಈ ಕಡೆ ತಿರುಗಲಿಲ್ಲ, ಕೈಗವಸಿನ ಹುಲ್ಲು ಕೊಡವಿ ಮತ್ತೆ ಬಾಗಿ ನಿಂತ. ನಮ್ಮ ತರಗತಿಯ ಹುಡುಗಿಯೊಬ್ಬಳು “ಮಿಸ್, ಇಲ್ಲಿ ಸೇರುವುದು ಹೇಗೆ?” ಎಂದು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕೇಳುತ್ತಲೇ ಇದ್ದಳು. ಈಗ ದಿನಾ ಸಂಜೆ ಶಾಲೆಯ ಅಂಗಳದಲ್ಲಿ ಅವಳದ್ದೊಂದು ತಂಡವಿದೆ. ಗೋಲಿನ ಕಂಬಕ್ಕೆ ಎರಡು ಪಾಟಿಚೀಲ.

ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್ ಈ ಕ್ಲಬ್ಬಿನ ಕಿರಿಯರ ತಂಡಗಳಲ್ಲೇ ಬೆಳೆದು ಮೊದಲ ತಂಡಕ್ಕೆ ಬಂದವನು. ಅವನ ಹಿಂದೆ ಸರತಿಯಲ್ಲಿ ಇಂಥ ಹುಡುಗರಿದ್ದಾರೆ. ಸಂಬಳ ನಿಂತ ಸುದ್ದಿ ಬಂದ ವಾರವೂ ನನ್ನ ಬಸ್ಸು ತೋರಣಗಲ್ಲು ದಾಟುವಾಗ ನೀಲಿ ಅಂಗಿ ತೊಟ್ಟ ಹುಡುಗರು ಚೀಲ ನೇತುಹಾಕಿಕೊಂಡು ನಡೆದು ಹೋಗುತ್ತಿದ್ದರು. ಮಗಳೇ, ಕ್ಲಬ್ಬು ಮುಗಿದಿಲ್ಲ. ಇವರ ಅಭ್ಯಾಸ ನಿಂತ ದಿನ ನೀನು ಆ ಪ್ರಶ್ನೆ ಕೇಳು, ಆಗ ನಾನು ಹೌದು ಎನ್ನುತ್ತೇನೆ.

ಲೀಗಿನ ದಿನಾಂಕ ಪ್ರಕಟವಾದ ಕೂಡಲೇ ನನಗೆ ತಿಳಿಸು, ಪಂದ್ಯ ಶನಿವಾರ ಇದ್ದರೆ ಒಳ್ಳೆಯದು. ರಜೆ ಬರೆದುಕೊಟ್ಟು ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತೇನೆ. ಟಿಕೆಟ್ ವೆಸ್ಟ್ ಬ್ಲಾಕ್‌ನಲ್ಲೇ ತೆಗೆಸು, ಕುರ್ಚಿಯಲ್ಲಿ ಕುಳಿತು ನೋಡುವ ಜಾಗ ನನಗೆ ಬೇಡ. ನಿನ್ನ ಗೆಳತಿಯರನ್ನೂ ಕರೆ, ಅವರಿಗೂ ಸೇರಿಸಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ತರುತ್ತೇನೆ. ಊಟ ಬಿಡಬೇಡ, ಪರೀಕ್ಷೆಯ ಹೊತ್ತಿನಲ್ಲಿ ನಿದ್ದೆ ಕೆಡಬೇಡ. ಅಪ್ಪ ಕೇಳಿದರೆಂದು ತಿಳಿದುಕೋ.

ಇಂತಿ ನಿನ್ನ
ಅವ್ವ