ಶರತ್ತು ಟೆಂಡರ್‌ನಲ್ಲೇ ಹಾಕಿ

ಸಂಪಾದಕರೇ, ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಕಸ ಹೆಕ್ಕುವ ಕಾರ್ಯಕ್ರಮ ಆಗಾಗ ನಡೆಯುತ್ತದೆ. ಒಳ್ಳೆಯದೇ. ಆದರೆ ಅಂಥ ಕಸವನ್ನು ನಮ್ಮ ಕಚೇರಿಗಳು, ಬ್ಯಾಂಕುಗಳು, ಕಾಲೇಜುಗಳೇ ದುಡ್ಡು ಕೊಟ್ಟು ತರಿಸುತ್ತವೆ ಅಲ್ವಾ? ಮೀಟಿಂಗಿಗೆ ಅರ್ಧ ಲೀಟರಿನ ನೀರಿನ ಬಾಟಲಿ, ಚಹಾಕ್ಕೆ ಒಳಗೆ ಪ್ಲಾಸ್ಟಿಕ್ ಪದರ ಇರುವ ಪೇಪರ್ ಕಪ್, ಒಂದೇ ದಿನದ ಸಮಾರಂಭಕ್ಕೆ ಫ್ಲೆಕ್ಸ್. ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಅದರ ಬಿಲ್ ಮಾತ್ರ ಈಗಲೂ ಪಾಸಾಗುತ್ತದೆ!

ಯಾಕೆ ಹೀಗೆ ಎಂದು ಕೇಳಿದರೆ ಒಂದೇ ಉತ್ತರ: ‘ಕಡಿಮೆ ರೇಟಿನವರಿಂದಲೇ ತಗೋಬೇಕು, ಇಲ್ಲದಿದ್ದರೆ ಆಡಿಟ್‌ನವರು ಬಿಡೋದಿಲ್ಲ.’ ಇದು ಅರ್ಧ ಸತ್ಯ. ಸರ್ಕಾರಿ ಖರೀದಿಗೆ ಇರುವ 1999ರ ಕೆಟಿಪಿಪಿ ಕಾಯ್ದೆಯೂ ಸುಮ್ನೆ ಅಗ್ಗದ್ದನ್ನು ತನ್ನಿ ಎನ್ನುವುದಿಲ್ಲ. ಟೆಂಡರ್ ದಾಖಲೆಯಲ್ಲಿ ಬರೆದ, ಅಳೆದು ತೋರಿಸಬಹುದಾದ ಅಂಶಗಳ ಮೇಲೆ ಯಾವುದು ಕಡಿಮೆ ಎಂದು ನೋಡಬೇಕು. ಅಂದರೆ ಕರೆಂಟ್ ಎಷ್ಟು ತಿನ್ನುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಮೊದಲೇ ಬರೆದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬರೆಯುವವರಿಲ್ಲ, ಅಷ್ಟೇ. ಹಳೆಯ ಕಡತದ ನಕಲು ತೆಗೆದು ತಾರೀಕು ಬದಲಿಸುವುದು ಸುಲಭ ನೋಡಿ.

ಫ್ಯಾನನ್ನೇ ತೆಗೆದುಕೊಳ್ಳಿ. ನಮ್ಮ ಕರಾವಳಿಯ ಸೆಕೆಗೆ ಕಚೇರಿಯ ಫ್ಯಾನು ಬೆಳಿಗ್ಗೆ ಹಾಕಿದರೆ ಸಂಜೆಯವರೆಗೆ ತಿರುಗುತ್ತಲೇ ಇರುತ್ತದೆ. ಹಳೆಯ ನಮೂನೆಯದಕ್ಕೆ 75 ವ್ಯಾಟ್ ಆಸುಪಾಸು ಬೇಕು, ಹೊಸ ನಮೂನೆಯ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಹಿಡಿದರೆ ಒಂದು ಫ್ಯಾನಿಗೆ 90 ಯೂನಿಟ್ ಉಳಿತಾಯ. ಯೂನಿಟ್‌ಗೆ 7 ರೂಪಾಯಿ ಅಂದುಕೊಂಡರೂ 630 ರೂಪಾಯಿ. ಕೊಳ್ಳುವಾಗ ಸಾವಿರ ಚಿಲ್ಲರೆ ಜಾಸ್ತಿ ಕೊಟ್ಟರೂ ಎರಡು-ಮೂರು ವರ್ಷದಲ್ಲಿ ವಾಪಸ್ ಬರುತ್ತದೆ. ಆದರೆ ಫ್ಯಾನಿನ ದುಡ್ಡು ಒಂದು ಲೆಕ್ಕದಿಂದ, ಹೆಸ್ಕಾಂನ ಕರೆಂಟ್ ಬಿಲ್ ಇನ್ನೊಂದು ಲೆಕ್ಕದಿಂದ ಹೋಗುವುದರಿಂದ ಇವೆರಡನ್ನೂ ಕೂಡಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಕಬ್ಬಿಣದ ಕಪಾಟಿನ ಕಥೆಯೂ ಇದೇ. ತೆಳು ತಗಡಿನದು, ಕಳಪೆ ಪೇಂಟಿನದು ಅಗ್ಗಕ್ಕೆ ಸಿಕ್ಕಿತೆಂದು ತರುತ್ತಾರೆ. ಉಪ್ಪುಗಾಳಿಗೆ ಅದು ಎಷ್ಟು ಮಳೆಗಾಲ ತಡೆದೀತು? ಮತ್ತೆ ಗುಜರಿ, ಮತ್ತೆ ಹೊಸ ಕೊಟೇಶನ್.

ನೀರಿಗೆ ಸ್ಟೀಲ್ ಲೋಟ, ಊಟಕ್ಕೆ ಬಾಳೆಲೆ. ಇದಕ್ಕೆ ಟೆಂಡರೂ ಬೇಡ, ಸಮಿತಿಯೂ ಬೇಡ. ತೊಳೆಯುವವರಿಗೆ ಕೂಲಿ ಕೊಡಬೇಕಾಗುತ್ತದೆ, ನಿಜ. ಆ ದುಡ್ಡು ಊರಿನವರ ಕೈಗೇ ಹೋಗುತ್ತದಲ್ಲ, ಹೋಗಲಿ ಬಿಡಿ.

ಜಿಲ್ಲೆಯ ಸಹಕಾರಿ ಸಂಘಗಳ ಸದಸ್ಯರಿಗೂ ಒಂದು ಮಾತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸಂಘ ಇಲ್ಲದ ಊರಿಲ್ಲ. ಈ ಸಲದ ವಾರ್ಷಿಕ ಸಭೆಯಲ್ಲಿ ಡಿವಿಡೆಂಡ್ ಎಷ್ಟು ಎಂದು ಕೇಳಿದ ಮೇಲೆ, ಬಾಟಲಿ ನೀರು, ಬ್ಯಾನರು, ನೆನಪಿನ ಕಾಣಿಕೆ ಅಂತ ಎಷ್ಟು ಹೋಯಿತು ಎಂದೂ ಕೇಳಿ. ‘ಇತರೆ ಖರ್ಚು’ ಎಂಬ ಸಾಲನ್ನು ಬಿಡಿಸಿ ತೋರಿಸಲಿ.

– ಒಬ್ಬ ಓದುಗ, ಕಾರವಾರ